ನೂರ ತೊಂಬತ್ತೊಂಬತ್ತು ಖೋಕಾ

ಮಹಂತೇಶ್ ಮೇಷ್ಟ್ರ ಹೆಗಲ ಮೇಲೆ ಎರಡು ನಕ್ಷತ್ರಗಳಿದ್ದವು, ನಿಜ. ಆದರೆ ಅವು ವಾರಕ್ಕೆರಡು ದಿನದ ನಕ್ಷತ್ರಗಳು. ಉಳಿದ ದಿನಗಳಲ್ಲಿ ಅವರು ದೆಹಲಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ, ಲಕ್ಷ್ಮೀ ನಗರದ ಬಾಡಿಗೆ ಮನೆಯಲ್ಲಿ ಒಬ್ಬರೇ ರೊಟ್ಟಿ ತಟ್ಟಿಕೊಂಡು ಉಣ್ಣುವ, ಗದಗಿನ ಕಡೆಯ ಸಾಧು ಮನುಷ್ಯ. ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರಿಗೆ ಒಂದಿಷ್ಟು ತರಬೇತಿ ಕೊಟ್ಟು ಲೆಫ್ಟಿನೆಂಟ್ ಎಂದು ಕರೆಯುತ್ತಾರೆ, ಸಮವಸ್ತ್ರ ಕೊಡುತ್ತಾರೆ, ಎದುರಾದರೆ ಸೆಲ್ಯೂಟ್ ಹೊಡೆಯುತ್ತಾರೆ. ಅಧಿಕಾರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಡುತ್ತಾರೆ. ಇದು ಅವರಿಗೂ ಗೊತ್ತಿತ್ತು. ಆದರೆ ಎಷ್ಟರಮಟ್ಟಿಗೆ ಕೊಟ್ಟಿಲ್ಲ ಎಂಬುದು ಗೊತ್ತಾಗಿದ್ದು ನವೆಂಬರ್ ತಿಂಗಳ ಒಂದು ಭಾನುವಾರ.

ಆ ಭಾನುವಾರಕ್ಕೆ ಎರಡು ಆದೇಶ ಬಂದು ಕೂತಿದ್ದವು. ಒಂದು ಬಟಾಲಿಯನ್ ಆಫೀಸಿನಿಂದ: ಬೆಳಿಗ್ಗೆ ಆರೂವರೆಗೆ ಗುರುಗ್ರಾಮದಾಚೆಯ ಗುಂಡು ಹಾರಿಸುವ ಮೈದಾನದಲ್ಲಿ ಕಾಲೇಜಿನ ನಲವತ್ತು ಕೆಡೆಟ್‌ಗಳಿಗೆ ವಾರ್ಷಿಕ ಫೈರಿಂಗ್, ಮೇಷ್ಟ್ರು ಹಾಜರಿರಬೇಕು. ಇನ್ನೊಂದು ಮೇಲಿನ ಆಫೀಸಿನಿಂದ: ಅದೇ ದಿನ ಹನ್ನೊಂದಕ್ಕೆ ದೆಹಲಿ ಕಂಟೋನ್ಮೆಂಟಿನಲ್ಲಿ ಗಣರಾಜ್ಯೋತ್ಸವ ಪರೇಡ್ ತುಕಡಿಗೆ ಕೊನೆಯ ಆಯ್ಕೆ, ಕೆಡೆಟ್ ಜೊತೆ ಮೇಷ್ಟ್ರೂ ಬರಬೇಕು, ಫೈರಿಂಗ್ ಮುಗಿಸದವರನ್ನು ಕರೆತರಬಾರದು. ಮಹಂತೇಶ್ ಎರಡೂ ಕಡೆ ಫೋನ್ ಮಾಡಿದರು. ಎರಡೂ ಕಡೆಯವರು ಒಂದೇ ಮಾತು ಹೇಳಿದರು. "ಅಡ್ಜಸ್ಟ್ ಮಾಡ್ಕೊಳ್ಳಿ, ಪ್ರೊಫೆಸರ್ ಸಾಹೇಬ್."

ಆಯ್ಕೆಗೆ ಹೋಗಬೇಕಿದ್ದವಳು ಪ್ರೇರಣಾ. ದ್ವಾರಕಾದ ಹುಡುಗಿ. ಅಪ್ಪ ಅಮ್ಮ ದಾವಣಗೆರೆಯವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಾಳೆ. ಮೊದಲ ವರ್ಷ ಆಯ್ಕೆಯ ಎರಡನೇ ಸುತ್ತಿನಲ್ಲಿ ಬಿದ್ದಳು. ಎರಡನೇ ವರ್ಷ ಕೊನೆಯ ಸುತ್ತಿಗೆ ನಾಲ್ಕು ದಿನ ಇರುವಾಗ ಡೆಂಗ್ಯೂ ಬಂದು ಮಲಗಿದಳು. ಇದು ಮೂರನೇ ವರ್ಷ. ಡಿಗ್ರಿ ಮುಗಿದರೆ ಎನ್‌ಸಿಸಿಯೂ ಮುಗಿಯಿತು, ಕರ್ತವ್ಯ ಪಥದ ಮೇಲೆ ಹೆಜ್ಜೆ ಹಾಕುವ ಆಸೆಯೂ ಮುಗಿಯಿತು. ಈ ಸಲ ಮೂರು ಶಿಬಿರ ದಾಟಿದ್ದಳು. ಬೆಳಿಗ್ಗೆ ನಾಲ್ಕಕ್ಕೆದ್ದು ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ಒಬ್ಬಳೇ ಹೆಜ್ಜೆ ಹಾಕುತ್ತಿದ್ದಳು. ನಿದ್ದೆ ಕೆಟ್ಟ ನೆಲಮಹಡಿಯವರು ಎರಡು ಸಲ ದೂರು ಕೊಟ್ಟಿದ್ದರು.

"ಸರ್, ಲಾಸ್ಟ್ ಟೈಮ್ ಡೆಂಗ್ಯೂ. ಈ ಸಲ ಏನೂ ಆಗಲ್ಲ ಅಲ್ವಾ? ಪಕ್ಕಾ?" ಎಂದು ಲಾರಿ ಹತ್ತುವಾಗ ಕೇಳಿದಳು.

"ಏನಾಗ್ತದ ಮಾರಾಯ್ತಿ? ಎಂಟೂವರೆಗೆ ಫೈರಿಂಗ್ ಮುಗಿಸಿ ಟ್ಯಾಕ್ಸಿ ಹಿಡಿದರ ಹತ್ತಕ್ಕ ಅಲ್ಲಿರ್ತೀವಿ. ನಾನಿದೀನಲ್ಲ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಅಂದು ದೈವದ ಕೆಲಸವನ್ನು ದೆಹಲಿಯ ಹೊಗೆ ಮಾಡಿತು. ಆರೂವರೆಗೆ ಮೈದಾನದಲ್ಲಿ ಎದುರಿಗೆ ನಿಂತವನ ಮೂಗು ಕಾಣುತ್ತಿರಲಿಲ್ಲ. ಇಪ್ಪತ್ತೈದು ಗಜ ದೂರದ ಗುರಿಹಲಗೆಗಳು ಇವೆಯೋ ಇಲ್ಲವೋ ದೇವರೇ ಬಲ್ಲ. ಗುರಿ ಕಾಣದೆ ಗುಂಡು ಹಾರಿಸುವಂತಿಲ್ಲ. ನಲವತ್ತು ಮಂದಿ ಕೈ ಉಜ್ಜಿಕೊಳ್ಳುತ್ತ ಕೂತರು, ಮೇಷ್ಟ್ರು ಗಡಿಯಾರ ನೋಡುತ್ತ ಕೂತರು. ಹೊಗೆ ಹರಿದಾಗ ಎಂಟೂ ಮುಕ್ಕಾಲು.

ಮೈದಾನದ ಉಸ್ತುವಾರಿ ಸುಬೇದಾರ್ ರತಿರಾಮ್ ಅವರದು. ಹರಿಯಾಣದ ಆಸಾಮಿ, ಇಪ್ಪತ್ತೇಳು ವರ್ಷ ಸೈನ್ಯದಲ್ಲಿ ಸವೆದವರು, ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಅವರು ಎಂಟೆಂಟು ಜನರ ಐದು ತಂಡ ಮಾಡಿದರು. ತಲಾ ಐದು ಗುಂಡು, ಒಟ್ಟು ಇನ್ನೂರು.

ಇಲ್ಲಿ ಖೋಕಾದ ವಿಷಯ ಹೇಳಬೇಕು. ಗುಂಡು ಹಾರಿದ ಮೇಲೆ ಬಂದೂಕಿನ ಪಕ್ಕದಿಂದ ಒಂದು ಖಾಲಿ ಹಿತ್ತಾಳೆ ಕೊಳವೆ ಹೊರಕ್ಕೆ ಜಿಗಿಯುತ್ತದೆ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಇರುತ್ತದೆ ಅಷ್ಟೆ. ಅದೇ ಖೋಕಾ. ಗುಂಡು ಎಲ್ಲಿಗೆ ಹೋಯಿತು, ಗುರಿಗೆ ಬಿತ್ತೋ ಗುಡ್ಡಕ್ಕೆ ಬಿತ್ತೋ ಎಂದು ಯಾರೂ ಕೇಳುವುದಿಲ್ಲ. ಖೋಕಾ ಎಲ್ಲಿ ಎಂದು ಕೇಳುತ್ತಾರೆ. ಇನ್ನೂರು ಗುಂಡು ಕೊಟ್ಟರೆ ಇನ್ನೂರು ಖೋಕಾ ಹಿಂದಕ್ಕೆ ಬರಬೇಕು. ಒಂದು ಕಡಿಮೆಯಾದರೂ ಯಾರೋ ಒಂದು ಗುಂಡನ್ನು ಹಾರಿಸದೆ ಕಿಸೆಗೆ ಹಾಕಿಕೊಂಡ ಹಾಗೆಯೇ ಲೆಕ್ಕ. ಸಿಗುವವರೆಗೂ ಮೈದಾನದಿಂದ ನರಪಿಳ್ಳೆಯೂ ಹೊರಗೆ ಹೋಗುವಂತಿಲ್ಲ.

ಅದಕ್ಕೇ ಪ್ರತಿ ತಂಡ ಎದ್ದ ಕೂಡಲೇ ಗುಂಡು ಹಾರಿಸಲು ಅವರು ಬೋರಲು ಮಲಗಿದ್ದ ಜಾಗದಲ್ಲಿ ಖೋಕಾ ಆರಿಸಿ, ಎಣಿಸಿ, ನಲವತ್ತು ಸರಿ ಎಂದ ಮೇಲೆಯೇ ಮುಂದಿನ ತಂಡ ಮಲಗುವುದು ಪದ್ಧತಿ. ಒಂದು ತಂಡಕ್ಕೆ ಹತ್ತು ನಿಮಿಷ ಗುಂಡಿಗೆ, ಹತ್ತು ನಿಮಿಷ ಎಣಿಕೆಗೆ. ಮಹಂತೇಶ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಐದು ತಂಡ ಮುಗಿಯುವಾಗ ಹತ್ತೂವರೆ. ಪ್ರೇರಣಾಳನ್ನು ಮೊದಲ ತಂಡಕ್ಕೇ ಹಾಕಿದರೂ ಅವಳೊಬ್ಬಳನ್ನೇ ಕಳಿಸುವಂತಿಲ್ಲ, ಜೊತೆಗೆ ತಾವಿರಬೇಕು. ಕೊನೆಯ ತಂಡ ಏಳುವವರೆಗೆ ತಾವು ಏಳುವಂತಿಲ್ಲ.

"ಸುಬೇದಾರ್ ಸಾಹೇಬ್, ಒಂದು ಕೆಲಸ ಮಾಡೋಣ," ಎಂದರು ಹಿಂದಿಯಲ್ಲಿ. "ಐದೂ ತಂಡ ಒಂದೇ ಸಮನೆ ಹಾರಿಸಿಬಿಡಲಿ. ಎಣಿಕೆ ಕೊನೆಗೆ ಒಂದೇ ಸಲ."

ರತಿರಾಮ್ ಮೀಸೆ ಸವರಿಕೊಂಡರು. "ಪದ್ಧತಿ ಹಾಗಿಲ್ಲ ಸಾಹೇಬ್."

"ಹುಡುಗಿಯ ಕೊನೆಯ ಅವಕಾಶ. ನಿಮಗೂ ಗೊತ್ತಲ್ಲ."

"ಗೊತ್ತು. ನನಗೂ ಮಗಳಿದ್ದಾಳೆ." ಮೇಷ್ಟ್ರ ಹೆಗಲ ಕಡೆ ನೋಡಿ ಹೇಳಿದರು, "ಆಫೀಸರ್ ನೀವು. ನೀವು ಹೇಳಿದರೆ ಆಯಿತು."

ಪಾಪ, ಮೇಷ್ಟ್ರಿಗೆ ಆ ಮಾತು ಕೇಳಿ ಖುಷಿಯೇ ಆಯಿತು. ಹೆಗಲ ಮೇಲಿನ ನಕ್ಷತ್ರಕ್ಕೆ ಮೊದಲ ಸಲ ಒಂದು ಉಪಯೋಗ ಸಿಕ್ಕಿತ್ತು.

ಐದು ತಂಡವೂ ಪಟಪಟನೆ ಮುಗಿಯಿತು. ಪ್ರೇರಣಾಳ ಐದು ಗುಂಡೂ ಒಂದು ಇಡ್ಲಿಯಷ್ಟು ಜಾಗದಲ್ಲಿ ಬಿದ್ದವು. ಅವಳು ಓಡಿಹೋಗಿ ಲಾರಿಯ ಮರೆಯಲ್ಲಿ ಟ್ರ್ಯಾಕ್ ಸೂಟ್ ಕಳಚಿ, ಅಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟ ಖಾಕಿ ಹಾಕಿಕೊಂಡು ಬಂದಳು. ಮಡಿಕೆ ಮುರಿಯದಂತೆ ಕೂರದೆ ನಿಂತೇ ಇದ್ದಳು. ಟ್ಯಾಕ್ಸಿ ಗೇಟಿನ ಹೊರಗೆ ಬಂದು ಹಾರನ್ ಹೊಡೆಯಿತು.

ಒಂಬತ್ತು ನಲವತ್ತಕ್ಕೆ ರತಿರಾಮ್ ಎಣಿಸಿ ಮುಗಿಸಿದರು. ಮತ್ತೊಮ್ಮೆ ಎಣಿಸಿದರು. ಹತ್ತು ಹತ್ತರ ಗುಂಪು ಮಾಡಿ ಗೋಣಿ ಚೀಲದ ಮೇಲೆ ಜೋಡಿಸಿದರು. ಹತ್ತೊಂಬತ್ತು ಗುಂಪು. ಇಪ್ಪತ್ತನೆಯದರಲ್ಲಿ ಒಂಬತ್ತೇ ಇದ್ದವು.

"ಏಕ್ ಸೌ ನಿನ್ಯಾನವೇ," ಎಂದರು.

ಮಹಂತೇಶ್ ಮೇಲಕ್ಕೆ ನಕ್ಕರು. "ಇಲ್ಲೇ ಎಲ್ಲೋ ಬಿದ್ದಿರುತ್ತದೆ. ಐದು ನಿಮಿಷ."

ಐದು ನಿಮಿಷದಲ್ಲಿ ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ತಂಡ ತಂಡವಾಗಿ ಎಣಿಸಿದ್ದರೆ ಯಾವ ತಂಡದ್ದು, ಯಾವ ಜಾಗದ್ದು ಎಂದು ಆಗಲೇ ಗೊತ್ತಾಗುತ್ತಿತ್ತು. ನಾಲ್ಕು ಮೊಳ ನೆಲ ಸವರಿದ್ದರೆ ಮುಗಿಯುತ್ತಿತ್ತು. ಈಗ ಐದು ತಂಡ ಒಂದರ ಮೇಲೊಂದು ಮಲಗೆದ್ದು, ನಲವತ್ತು ಜೋಡಿ ಬೂಟು ತುಳಿದು, ಒಣಹುಲ್ಲು, ಜಾಲಿಮುಳ್ಳು, ಸಡಿಲ ಮಣ್ಣು ಎಲ್ಲ ಕಲಸಿಹೋಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಮೇಷ್ಟ್ರ ಉಪಕಾರ.

ಎಲ್ಲರ ಕಿಸೆ, ಬೂಟು, ಕಾಲುಚೀಲ ಕೊಡವಿಸಿದ್ದಾಯಿತು. ಮಲಗಲು ಹಾಸಿದ್ದ ದರಿಗಳನ್ನು ಝಾಡಿಸಿದ್ದಾಯಿತು. ಆಮೇಲೆ ಮೂವತ್ತೊಂಬತ್ತು ಜನ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ಮೊಣಕಾಲೂರಿ, ಅಂಗೈಯಲ್ಲಿ ಹುಲ್ಲು ಸವರುತ್ತ ಮುಂದೆ ಸರಿಯತೊಡಗಿದರು. ಮೊದಲ ವರ್ಷದ ಧನುಷ್ ಎಂಬ ಬೆಂಗಳೂರಿನ ಹುಡುಗ ತಲೆ ಎತ್ತಿ, "ಸರ್, ಒಂದು ಮ್ಯಾಗ್ನೆಟ್ ತರಿಸೋಣ್ವಾ?" ಎಂದ.

"ಹಿತ್ತಾಳೆಗೆ ಮ್ಯಾಗ್ನೆಟ್ ಹಿಡೀತದೇನಪ್ಪಾ? ನೀನು ಬಿಎಸ್‌ಸಿ ಅಲ್ಲವೇನೋ?" ಎಂದು ಮೇಷ್ಟ್ರು ರೇಗಿದರು. ಅವನು ತಲೆ ತಗ್ಗಿಸಿದ.

ಪ್ರೇರಣಾ ಇಸ್ತ್ರಿ ಖಾಕಿಯಲ್ಲಿ ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ಅವಳೂ ಸಾಲಿನಲ್ಲಿ ಮೊಣಕಾಲೂರಿದಳು.

ಹತ್ತು ಗಂಟೆಯಾಯಿತು. ಮಹಂತೇಶ್ ರತಿರಾಮರನ್ನು ಬದಿಗೆ ಕರೆದರು. "ಹುಡುಗಿಯನ್ನು ಇನ್ನೊಮ್ಮೆ ತಪಾಸಣೆ ಮಾಡಿಸಿ. ಅವಳನ್ನು ಟ್ಯಾಕ್ಸಿಯಲ್ಲಿ ಕಳಿಸುತ್ತೇನೆ, ನಾನಿಲ್ಲೇ ಇರುತ್ತೇನೆ. ಅಲ್ಲಿ ಏನಾದರೂ ಹೇಳಿಕೊಳ್ಳುತ್ತಾಳೆ."

"ಸಾಹೇಬ್, ಎಣಿಕೆ ಕಡಿಮೆ ಇರುವಾಗ ಒಬ್ಬರು ಹೊರಗೆ ಹೋದರೆ ರಿಪೋರ್ಟಿನಲ್ಲಿ ಆ ಒಬ್ಬರ ಹೆಸರು ಬರೆಯಬೇಕಾಗುತ್ತದೆ. ಗುಂಡಿನ ವಿಷಯ. ಅವಳ ಎನ್‌ಸಿಸಿ ಸರ್ಟಿಫಿಕೇಟ್ ಹೋಗುತ್ತದೆ, ಪೊಲೀಸರೂ ಬರಬಹುದು. ಬೇಡ." ರತಿರಾಮ್ ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಮೈದಾನ ಬಿಡಿಸುವ ಹಕ್ಕು ಕರ್ನಲ್ ಸಾಹೇಬರೊಬ್ಬರಿಗೇ. ಅವರಿಗೆ ಫೋನ್ ಮಾಡಿ."

ಕರ್ನಲ್ ಸಾಹೇಬರು ಅಂದರೆ ಬಟಾಲಿಯನ್ನಿನ ಮುಖ್ಯಸ್ಥರು. ಮಹಂತೇಶ್ ಫೋನ್ ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದರು. ಆಫೀಸಿಗೆ ಮಾಡಿದರೆ ಭಾನುವಾರದ ಡ್ಯೂಟಿಯ ಗುಮಾಸ್ತ ಆಕಳಿಸುತ್ತ ಹೇಳಿದ, "ಸಾಹೇಬರು ಪರೇಡ್ ಆಯ್ಕೆಯ ಬೋರ್ಡಿನಲ್ಲಿ ಕೂತಿದ್ದಾರೆ. ಅಲ್ಲಿ ಫೋನೆಲ್ಲ ಹೊರಗೆ ಇಡಿಸುತ್ತಾರೆ. ಒಂದು ಗಂಟೆಗೆ ಬರುತ್ತಾರೆ."

ಮಹಂತೇಶರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪ್ರೇರಣಾಳನ್ನು ಬಿಡಿಸಬಲ್ಲ ಒಬ್ಬನೇ ಒಬ್ಬ ಮನುಷ್ಯ, ಪ್ರೇರಣಾ ಯಾವ ಮೇಜಿನ ಮುಂದೆ ಹೋಗಿ ನಿಲ್ಲಬೇಕೋ ಅದೇ ಮೇಜಿನ ಹಿಂದೆ ಕೂತಿದ್ದಾನೆ!

ಹತ್ತೂ ಇಪ್ಪತ್ತಕ್ಕೆ ಸಾಲಿನ ಆ ತುದಿಯಿಂದ ಒಂದು ಕೂಗು. "ಮಿಲ್ ಗಯಾ! ಸಿಕ್ತು!" ನಲವತ್ತು ಜನ ಧಡಧಡನೆ ಎದ್ದರು. ಯಾರೋ ಪ್ರೇರಣಾಳ ಬೆನ್ನು ಗುದ್ದಿದರು. ಅವಳು ಟ್ಯಾಕ್ಸಿಯ ಕಡೆ ಎರಡು ಹೆಜ್ಜೆ ಓಡಿಯೂಬಿಟ್ಟಳು. ರತಿರಾಮ್ ಅದನ್ನು ಅಂಗೈಯಲ್ಲಿಟ್ಟು ಉಗುರಿನಿಂದ ಕೆರೆದರು. ಒಳಗಿನ ಮಣ್ಣು ಗಟ್ಟಿಯಾಗಿತ್ತು, ಹಿತ್ತಾಳೆ ಕಪ್ಪಗಾಗಿತ್ತು.

"ಇದು ನಮ್ಮದಲ್ಲ. ಹಳೆಯದು. ಎರಡು ಮಳೆಗಾಲ ಕಂಡಿದೆ."

"ರತಿರಾಮ್‌ಜೀ," ಮಹಂತೇಶ್ ದನಿ ಇಳಿಸಿದರು. "ಇನ್ನೂರು ಅಂದರೆ ಇನ್ನೂರು. ಉಜ್ಜಿ ಚೀಲಕ್ಕೆ ಹಾಕಿಬಿಡಿ. ಯಾರು ನೋಡುತ್ತಾರೆ? ನಿಮ್ಮ ಕೈ ಮುಗಿಯುತ್ತೇನೆ."

ಅವರು ನಿಜವಾಗಿಯೂ ಕೈ ಮುಗಿದರು. ಲೆಫ್ಟಿನೆಂಟ್ ಒಬ್ಬರು ತಮಗಿಂತ ಕೆಳಗಿನ ಸುಬೇದಾರನಿಗೆ ಕೈ ಮುಗಿದದ್ದನ್ನು ಕೆಡೆಟ್‌ಗಳು ನೋಡಿದರು, ನೋಡದವರ ಹಾಗೆ ನೆಲ ಸವರಿದರು.

"ಮದ್ದುಗುಂಡಿನ ಡಿಪೋದಲ್ಲಿ ಒಂದೊಂದನ್ನೂ ತಿರುಗಿಸಿ ನೋಡುತ್ತಾರೆ ಸಾಹೇಬ್. ಎಂಟು ತಿಂಗಳಲ್ಲಿ ನನ್ನ ಪಿಂಚಣಿ. ಸುಳ್ಳು ಲೆಕ್ಕ ಕೊಟ್ಟೆ ಅಂತ ಬಂದರೆ ನನ್ನ ಮನೆ ಮುಳುಗುತ್ತದೆ." ರತಿರಾಮರ ಕಣ್ಣೂ ಒದ್ದೆಯಾಗಿತ್ತು. ಅವರೂ ಟೊಪ್ಪಿಗೆ ತೆಗೆದಿಟ್ಟು ಮೊಣಕಾಲೂರಿದರು.

ಟ್ಯಾಕ್ಸಿಯವನು ಹಾರನ್ ಹೊಡೆದೂ ಹೊಡೆದೂ ಬೇಸತ್ತು ಹೋದ.

ಹತ್ತೂ ನಲವತ್ತಕ್ಕೆ ಮೇಷ್ಟ್ರ ಫೋನ್ ಬಡಿದುಕೊಂಡಿತು. ಕರ್ನಲ್ ಅಂದುಕೊಂಡರೆ ಅಲ್ಲ, ಪ್ರೇರಣಾಳ ತಾಯಿ ಪದ್ಮಾ. ಬೆಳಿಗ್ಗೆಯೇ ಮೆಟ್ರೋ ಹತ್ತಿ, ಆಟೋ ಹಿಡಿದು, ಆಯ್ಕೆ ನಡೆಯುವ ಮೈದಾನದ ಗೇಟಿನ ಹೊರಗೆ ಬಂದು ಕೂತಿದ್ದರು ಆಕೆ.

"ಎಲ್ಲಿದ್ದೀರ ಸರ್? ಎಲ್ಲ ಹುಡುಗಿಯರೂ ಒಳಗೆ ಹೋದರು. ಅವಳ ಫೋನ್ ಹತ್ತುತ್ತಿಲ್ಲ."

ಮಹಂತೇಶ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೇಳುತ್ತಿದ್ದ ಹಾಗೆ ಒಂದು ದಾರಿ ಹೊಳೆಯಿತು. "ಅಮ್ಮಾ, ನೀವು ಗೇಟಿನಲ್ಲೇ ಇದ್ದೀರಿ. ಒಳಗೆ ನಮ್ಮ ಕರ್ನಲ್ ಇದ್ದಾರೆ. ಒಂದೇ ಒಂದು ಮಾತು ಅವರಿಗೆ ಮುಟ್ಟಿಸಿ. ಮಹಂತೇಶನಿಗೆ ಫೋನ್ ಮಾಡಬೇಕಂತೆ ಅನ್ನಿ, ಸಾಕು."

ಹತ್ತು ನಿಮಿಷ ಬಿಟ್ಟು ಪದ್ಮಾ ಮತ್ತೆ ಫೋನ್ ಮಾಡಿದರು. ಏದುಸಿರು. "ಬಿಡ್ತಿಲ್ಲ ಸರ್. ಬೋರ್ಡ್ ನಡೆಯುವಾಗ ಮನೆಯವರು ಹತ್ತಿರ ಬರಬಾರದಂತೆ. ವಶೀಲಿಗೆ ಬಂದಿದ್ದೀರಾ ಅಂತ ಕೇಳ್ತಾನೆ ಕಾವಲಿನವನು. ಚೀಟಿ ಬರೆದುಕೊಟ್ಟೆ, ಅದನ್ನೂ ತಗೊಳ್ಳಲಿಲ್ಲ. ಟೆಂಟು ಇಲ್ಲಿಂದಲೇ ಕಾಣ್ತಿದೆ ಸರ್. ಅವರೇ ಕರ್ನಲ್ ಅಂತ ಕಾವಲಿನವನೇ ತೋರಿಸಿದ, ಸಾಹೇಬರು ಚಹಾ ಕುಡೀತಿದ್ದಾರೆ."

"ಕೂಗಿ ನೋಡಿ ಅಮ್ಮಾ."

"ಕೂಗಿದೆ. ಕಾವಲಿನವನು ಬಂದೂಕು ಅಡ್ಡ ಹಿಡಿದ."

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರಿಗೆ ಕೊಡಬೇಕೆಂಬುದೇ ಗೊತ್ತಿಲ್ಲ, ಪೂಜಾರಿಗೆ ಕೇಳಿಸಿಕೊಳ್ಳುವ ಅಪ್ಪಣೆಯಿಲ್ಲ. ಮಹಂತೇಶ್ ಕರ್ನಲ್ಲರಿಗೆ ಫೋನ್ ಮಾಡುತ್ತಲೇ ಹೋದರು. ಮಾಡಿ ಪ್ರಯೋಜನವಿಲ್ಲ ಎಂದು ತಿಳಿದೂ ಮಾಡಿದರು. ಬೇರೆ ಏನು ಮಾಡಬೇಕು? ಕೈ ಸುಮ್ಮನಿದ್ದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಹನ್ನೊಂದಾಯಿತು. ಯಾರೂ ಗಡಿಯಾರದ ಮಾತೆತ್ತಲಿಲ್ಲ. ಪ್ರೇರಣಾ ಮಾತ್ರ ಒಮ್ಮೆ ಕೇಳಿದಳು, "ಸರ್, ಅಭೀ ಭೀ ಚಾನ್ಸ್ ಇದೆ ಅಲ್ವಾ? ಲೇಟ್ ಆದ್ರೆ ಸ್ವಲ್ಪ ಹೊತ್ತು ವೇಟ್ ಮಾಡ್ತಾರೆ, ಹೈ ನಾ?"

"ಮಾಡ್ತಾರವ್ವಾ," ಎಂದರು ಮಹಂತೇಶ್. ಅದು ಸುಳ್ಳೆಂದೇ ಅವರು ತಿಳಿದಿದ್ದರು.

ಹನ್ನೊಂದೂವರೆಗೆ ಪದ್ಮಾ ಫೋನ್ ಮಾಡಿದರು. ಫೋನನ್ನು ಗೇಟಿನ ಕಡೆ ಹಿಡಿದಿದ್ದರೆಂದು ಕಾಣುತ್ತದೆ. ದೂರದ ಮೈಕಿನ ದನಿ ಗೊರಗೊರ ಕೇಳಿತು. ಯಾರೋ ಹೆಸರು ಕೂಗುತ್ತಿದ್ದರು. ಕೆಡೆಟ್ ಪ್ರೇರಣಾ. ಸ್ವಲ್ಪ ಬಿಟ್ಟು ಮತ್ತೆ, ಕೆಡೆಟ್ ಪ್ರೇರಣಾ.

"ಇಲ್ಲಿದ್ದಾಳೆ ಅಂತ ಕೈ ಎತ್ತಿದೆ ಸರ್," ಎಂದರು ಪದ್ಮಾ. "ಯಾಕೆ ಎತ್ತಿದೆನೋ. ನನ್ನ ಕೈ ತಾನಾಗಿ ಮೇಲೆ ಹೋಯ್ತು."

ಮಹಂತೇಶ್ ಫೋನ್ ಕೆಳಗಿಟ್ಟು ಜಾಲಿಗಿಡದ ಮರೆಗೆ ಹೋದರು. ಬಿಸಿಲು ಏರಿತ್ತು, ಗಂಟಲಿನಲ್ಲಿ ಹೊಗೆಯ ಕಹಿ. ನಲವತ್ತೊಂದು ವರ್ಷದ ಗಂಡಸು ಅಲ್ಲಿ ನಿಂತು ಸದ್ದಾಗದಂತೆ ಅತ್ತರು. ಮುಖ ಒರೆಸಿಕೊಂಡು ಬಂದು ತಾವೂ ಸಾಲಿನಲ್ಲಿ ಕೂತರು.

ಒಂದು ಗಂಟೆ ಐದು ನಿಮಿಷಕ್ಕೆ ಕರ್ನಲ್ ಸಾಹೇಬರ ಫೋನ್ ಬಂತು.

"ಏನ್ರೀ ಪ್ರೊಫೆಸರ್, ಮೂವತ್ತೆರಡು ಮಿಸ್ಡ್ ಕಾಲ್! ಯಾರಿಗಾದರೂ ಗುಂಡು ತಗುಲಿತೇ?" ಎಂದು ಹಿಂದಿಯಲ್ಲಿ ಗದರಿದರು.

"ಇಲ್ಲ ಸರ್. ಒಂದು ಖೋಕಾ ಕಡಿಮೆ ಬಂದಿದೆ."

"ಅಷ್ಟೇನಾ? ನಾನು ಗಾಬರಿಯಾಗಿಬಿಟ್ಟೆ. ರತಿರಾಮ್‌ಗೆ ಹೇಳಿ, ಕಳೆದಿದೆ ಅಂತ ಒಂದು ಹೇಳಿಕೆ ಬರೆದಿಡಲಿ, ನಾಳೆ ಸಹಿ ಹಾಕುತ್ತೇನೆ. ಮಕ್ಕಳನ್ನು ಮನೆಗೆ ಕಳಿಸಿ. ಅದಿರಲಿ, ನಿಮ್ಮ ಆ ಹುಡುಗಿ ಎಲ್ಲಿ ಹೋದಳು? ನಮ್ಮ ಬಟಾಲಿಯನ್ನಿನ ಹುಡುಗಿ ಅಂತ ನಾನೇ ಬೋರ್ಡಿಗೆ ಹೇಳಿ ಹನ್ನೆರಡರವರೆಗೆ ಅವಳ ಜಾಗ ಹಿಡಿಸಿದ್ದೆ. ಎಷ್ಟು ಸಲ ಹೆಸರು ಕೂಗಿಸಿದೆ! ನಾಲ್ಕು ಜನರ ಮುಂದೆ ನನ್ನ ಮಾನ ಹೋಯಿತು. ಈ ಕಾಲದ ಮಕ್ಕಳಿಗೆ ಶಿಸ್ತೇ ಇಲ್ಲ."

"ಸರ್, ಅವಳು ಇಲ್ಲಿದ್ದಾಳೆ."

"ಇಲ್ಲಿ ಅಂದರೆ?"

"ಮೈದಾನದಲ್ಲಿ ಸರ್. ಖೋಕಾ ಹುಡುಕುತ್ತಿದ್ದಾಳೆ."

ಕರ್ನಲ್ಲರು, "ಆಯ್ಕೆಯ ಪಟ್ಟಿ ಸಹಿಯಾಗಿ ಹೋಯಿತಲ್ಲ ಮಹಂತೇಶ್," ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು. ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು.

ರತಿರಾಮ್ ಸೀಟಿ ಊದಿದರು. ಮೂವತ್ತೊಂಬತ್ತು ಜನ ಸೊಂಟ ಹಿಡಿದುಕೊಂಡು ಎದ್ದರು. ಪ್ರೇರಣಾ ಏಳಲಿಲ್ಲ. ಗುಂಡು ತಡೆಯುವ ಮಣ್ಣಿನ ಗೋಡೆಯ ಹತ್ತಿರ ಮೊಣಕಾಲಿನ ಮೇಲೆ ಸರಿಯುತ್ತಲೇ ಇದ್ದಳು. ಮೇಷ್ಟ್ರು ಅವಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಏಳವ್ವಾ. ಬಿಟ್ಟರು."

"ಒಂದು ನಿಮಿಷ ಸರ್, ಈ ಜಾಗ ಬಾಕಿ ಇದೆ. ಇಲ್ಲಿ ಯಾರೂ ನೋಡಿಲ್ಲ."

"ಹುಡುಕೋದು ಬೇಡ. ಕರ್ನಲ್ ಸಾಹೇಬರು ಫೋನ್ ಮಾಡಿದ್ದರು. ಬರೆದಿಟ್ಟು ಹೋಗಿ ಅಂದರು."

ಅವಳು ಕೈ ನಿಲ್ಲಿಸಿದಳು. ಉಗುರುಗಳಲ್ಲಿ ಮಣ್ಣು ತುಂಬಿತ್ತು, ಎರಡೂ ಅಂಗೈಯಲ್ಲಿ ಮುಳ್ಳು ಗೀರಿದ ರಕ್ತ.

"ಬರೆದಿಟ್ಟು ಹೋಗಿ ಅಂದ್ರಾ?" ಎಂದಳು. "ಬಸ್? ಇಷ್ಟೇನಾ ಸರ್?"

"ಇಷ್ಟೇ."

"ಮತ್ತೆ ನಾನು..." ಎಂದು ಶುರು ಮಾಡಿ, ಮೇಷ್ಟ್ರ ಮುಖ ನೋಡಿ ಅಂಗೈಯ ಮಣ್ಣನ್ನು ಖಾಕಿಗೇ ಒರೆಸಿಕೊಂಡಳು. ಕೇಳುವ ಅಗತ್ಯವಿರಲಿಲ್ಲ. ಅವರ ಕಿಸೆಯಲ್ಲಿ ಫೋನ್ ಮತ್ತೆ ಬಡಿದುಕೊಳ್ಳುತ್ತಿತ್ತು. ತೆಗೆದರು. ಪದ್ಮಾ. ದನಿಯಲ್ಲಿ ಎಂಥದೋ ಗೆಲುವು.

"ಸರ್, ಗೇಟು ತೆಗೆದರು! ನಿಮ್ಮ ಕರ್ನಲ್ ಸಾಹೇಬರು ನಡೆದುಕೊಂಡು ಈ ಕಡೆಗೇ ಬರ್ತಿದ್ದಾರೆ. ಬೇಗ ಹೇಳಿ, ಅವರಿಗೆ ಏನು ಹೇಳಬೇಕು ನಾನು?"